ಒಂದು ಬೆರಳಿನ ಜಾಗ

ಆ ಮನೆಯಲ್ಲಿ ಯಾವ ಬಟ್ಟೆಯೂ ಹೊಲಿದ ವರ್ಷ ಮೈಗೆ ಸರಿಯಾಗಿ ಕೂತದ್ದಿಲ್ಲ. ಮೊದಲನೇ ವರ್ಷ ಬಟ್ಟೆಯೊಳಗೆ ಹುಡುಗಿಯನ್ನು ಹುಡುಕಬೇಕು. ಎರಡನೇ ವರ್ಷ ಪರವಾಗಿಲ್ಲ ಅನ್ನಿಸಬೇಕು. ಮೂರನೇ ವರ್ಷ ನೋಡಿದವರು "ಆಹಾ, ಅಳತೆ ಕೊಟ್ಟು ಹೊಲಿಸಿದ ಹಾಗಿದೆ" ಅನ್ನುವ ಹೊತ್ತಿಗೆ ಮೊಣಕೈ ಸವೆದುಹೋಗಿರಬೇಕು. ಹಾಗಂತ ಹೊಲಿಯುವವಳಿಗೆ ಅಳತೆ ಬರುವುದಿಲ್ಲವೇ? ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಟೈಲರಮ್ಮ ಅಂದರೆ ಅವಳೊಬ್ಬಳೇ. ಗಿರಾಕಿ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಎಡಭುಜ ಬಲಭುಜಕ್ಕಿಂತ ಎಷ್ಟು ಇಳಿದಿದೆ ಅಂತ ಕಣ್ಣಲ್ಲೇ ಅಳೆದುಬಿಡುವವಳು. ಊರಿಗೆಲ್ಲ ಮೈಗಂಟಿದಂತೆ ಹೊಲಿದುಕೊಟ್ಟು, ಸ್ವಂತ ಮಗಳಿಗೆ ಮಾತ್ರ ಎಲ್ಲದರಲ್ಲೂ ಒಂದು ಬೆರಳು ಹೆಚ್ಚು.

ಈ ಒಂದು ಬೆರಳಿನ ಶಾಸ್ತ್ರ ಅತ್ತೆಯಿಂದ ಬಂದದ್ದು. ಅತ್ತೆಯ ಕಾಲ್ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು, ಜಾಗ ಸಾಲದ ಬೆಂಚಿನ ಮೇಲೆ ಶಾಲೆ ಮಕ್ಕಳು ಕೂತ ಹಾಗೆ. ಚಿಕ್ಕಂದಿನಲ್ಲಿ ಒಂದೇ ಜೊತೆ ಬೂಟಿನೊಳಗೆ ವರ್ಷಗಟ್ಟಲೆ ಬೆಳೆದ ಕಾಲು ಅದು. ಸೊಸೆ ಬಸುರಾದಾಗ ಆಕೆ ಬೇರೇನೂ ಬುದ್ಧಿ ಹೇಳದೆ ಕಾಲು ಚಾಚಿ ತೋರಿಸಿದ್ದರು. "ನೋಡ್ಕೋಮ್ಮ. ಹುಟ್ಟೋ ಕೂಸಿಗೆ ಒಂದು ತುತ್ತು ಕಮ್ಮಿಯಾದ್ರೂ ಪರವಾಗಿಲ್ಲ, ಕಾಲಿಗೆ ಒಂದು ಬೆರಳು ಜಾಗ ಕಮ್ಮಿ ಆಗಬಾರ್ದು." ಸೊಸೆ ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಕಾಲಿಗೆ ಹೇಳಿದ್ದನ್ನು ತೋಳಿಗೂ, ಸೊಂಟಕ್ಕೂ, ಕೊನೆಗೆ ಟೋಪಿಗೂ ಹಬ್ಬಿಸಿದಳು.

ಆ ಕೂಸಿಗೆ ಈಗ ಹನ್ನೊಂದು. ತೆಳ್ಳಗಿದ್ದಳು ಅಂತ ಅಜ್ಜಿ ಇಟ್ಟ ಅಡ್ಡಹೆಸರು ಕಡ್ಡಿ. ಹೆಸರಿಗೆ ಕಡ್ಡಿಯೇ ಹೊರತು ಕಡ್ಡಿ ಮುರಿದಂತೆ ಮಾತಾಡುವ ಪೈಕಿ ಅಲ್ಲ. ಏನು ಕೊಟ್ಟರೂ "ಸರಿ ಇದೆ ಅಮ್ಮ." ಅಂಗೈ ಮುಚ್ಚುವ ತೋಳಿಗೂ ಸರಿ ಇದೆ, ಕಣ್ಣಿಗಿಳಿಯುವ ಟೋಪಿಗೂ ಸರಿ ಇದೆ.

ಅವಳ ಅಪ್ಪನಿಗೆ ಐಸ್ ರಿಂಕಿನಲ್ಲಿ ಕೆಲಸ. ಜನ ಸ್ಕೇಟಿಂಗ್ ಮಾಡಿ ಗೀರಿಹಾಕಿದ ಮಂಜುಗಡ್ಡೆಯ ಮೇಲೆ ದೊಡ್ಡ ಗಾಡಿ ಓಡಿಸಿ, ಗೀರು ಕೆರೆದು, ಬಿಸಿನೀರು ಸವರಿ, ಮತ್ತೆ ಕನ್ನಡಿಯಂತೆ ಮಾಡಬೇಕು. "ನಿಮ್ಮಮ್ಮ ಹೊಲಿಯೋಳು, ನಾನು ಇಸ್ತ್ರಿ ಮಾಡೋನು" ಅನ್ನುವನು. ಅಪ್ಪನ ದೆಸೆಯಿಂದ ಬೆಳಗಿನ ಹೊತ್ತು ಕಡ್ಡಿಗೆ ಅಲ್ಲಿ ಪುಕ್ಕಟೆ ಜಾಗ, ಯಾರೋ ಮರೆತುಹೋದ, ಅಡಿಗೆ ಬ್ಲೇಡಿರುವ ಒಂದು ಜೊತೆ ಹಳೇ ಬೂಟು. ಆ ಹಳೇ ಬೂಟಿನಲ್ಲೇ ಅವಳು ಗಾಳಿಯಲ್ಲಿ ಒಂದೂವರೆ ಸುತ್ತು ತಿರುಗಿ ಇಳಿಯುವುದನ್ನು ಕಲಿತಿದ್ದಳು. ಕೋಚ್ ಮೇಡಂ ಅಪ್ಪನನ್ನು ಕರೆದು, "ತಿಂಗಳ ಕೊನೇಲಿ ದೊಡ್ಡವರ ಗುಂಪಿಗೆ ಆರಿಸ್ತೀನಿ, ಇವಳನ್ನ ಮೊದಲು ನೋಡ್ತೀನಿ" ಅಂದಿದ್ದರು.

ಆದರೆ ಹಳೇ ಬೂಟು ಚಿಕ್ಕದಾಗಿತ್ತು. ಒಂದು ಸಂಜೆ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂತ ಮೊಮ್ಮಗಳ ಕೆಂಪು ಬೆರಳು ಅಜ್ಜಿಯ ಕಣ್ಣಿಗೆ ಬಿದ್ದದ್ದೇ ತಡ, ಮನೆ ತಲೆಕೆಳಗಾಯಿತು.

"ಏನಪ್ಪಾ, ನನ್ನ ಕಾಲು ಒಂದು ಸಾಲದಾ ಈ ಮನೆಗೆ? ಇನ್ನೊಂದು ಜೊತೆ ಬೇಕಾ?"

"ಅಮ್ಮಾ, ಹೊಸದಕ್ಕೆ ಎಷ್ಟು ಅಂತ ಗೊತ್ತಾ ನಿಂಗೆ?"

"ಗೊತ್ತಿಲ್ಲ. ನಂಗೆ ಕಾಲು ಗೊತ್ತು."

ಟೈಲರಮ್ಮ ದುಡ್ಡಿನ ಡಬ್ಬಿ ತೆಗೆದಳು. ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಬೇಕು ಅಂತ ತೆಗೆದಿಟ್ಟ ದುಡ್ಡಿತ್ತು, ಚಳಿಗಾಲದ ಕೋಟುಗಳ ಕೂಲಿ ಬರುವುದಿತ್ತು. ಇನ್ನೊಂದು ವರ್ಷ ಮಿಷನ್ನು ತುಳಿದರೆ ಕಾಲೇನೂ ಸವೆಯದು ಅಂದುಕೊಂಡು ಮಗಳನ್ನು ಅಂಗಡಿಗೆ ಕರೆದುಕೊಂಡು ಹೋದಳು.

ಅಂಗಡಿಯವನು ಕಡ್ಡಿಯನ್ನು ಹಾಳೆಯ ಮೇಲೆ ನಿಲ್ಲಿಸಿ ಕಾಲಿನ ಸುತ್ತ ಗೆರೆ ಎಳೆದು, ಒಂದು ಜೊತೆ ತಂದು ತೊಡಿಸಿದ. "ಬಿಗಿಯಾಗೇ ಇರುತ್ತಮ್ಮ ಇದು. ನೆಟ್ಟಗೆ ನಿಂತ್ರೆ ಬೆರಳು ತುದಿಗೆ ಸೋಕಬೇಕು, ಮಂಡಿ ಬಗ್ಗಿಸಿದ್ರೆ ಬಿಡಬೇಕು. ಹಿಮ್ಮಡಿ ಮಾತ್ರ ಒಂದು ಚೂರೂ ಮೇಲೇಳಬಾರ್ದು."

"ಬೆರಳು ಸೋಕುತ್ತಾ?" ಟೈಲರಮ್ಮನ ಕಣ್ಣ ಮುಂದೆ ಅತ್ತೆಯ ಪಾದ ಬಂತು. "ಬೆಳೆಯೋ ಕಾಲು ಕಣಪ್ಪ ಇದು. ಮುಂದಿನ ಸೈಜು ಕೊಡು."

"ಬ್ಲೇಡು ಕೂರಿಸಿದ ಮೇಲೆ ವಾಪಸ್ ತಗೊಳ್ಳಲ್ಲಮ್ಮ."

"ವಾಪಸ್ ಕೊಡೋಕೆ ಯಾರು ಬರ್ತಾರೆ? ಏನೇ, ಹೇಗಿದೆ?"

ಕಡ್ಡಿ ದೊಡ್ಡ ಬೂಟಿನಲ್ಲಿ ನಿಂತು ಹೊಳೆಯುವ ಬಿಳಿ ಚರ್ಮವನ್ನು ನೋಡಿದಳು, ಅಮ್ಮನ ಕೈಯಲ್ಲಿದ್ದ ಪರ್ಸು ನೋಡಿದಳು. "ಸರಿ ಇದೆ ಅಮ್ಮ."

ಆ ಸಂಜೆ ಬೂಟನ್ನು ಊಟದ ಮೇಜಿನ ಮೇಲೆ ಮದುಮಗಳಂತೆ ಕೂರಿಸಿದ್ದರು. ಅಜ್ಜಿ ಸಂತೋಷಕ್ಕೆ ಕಥೆಯೊಂದನ್ನು ಎತ್ತಿಕೊಂಡರು. "ಒಬ್ಬ ರಾಜ. ಪುಟ್ಟ ಮಗನಿಗೆ ಪಟ್ಟ ಕಟ್ಟಬೇಕು. ಚಿನ್ನದ ಕಿರೀಟ ಅಂದ್ರೆ ವರ್ಷ ವರ್ಷ ಮಾಡ್ಸೋಕಾಗುತ್ತಾ? ದೊಡ್ಡದೇ ಮಾಡಿಸ್ದ. ಹುಡುಗ ತಲೆಗಿಟ್ಕೊಂಡ್ರೆ ಕಿರೀಟ ಸರ್‍ರಂತ ಮೂಗಿಗೆ ಬಂತು! ಮಂತ್ರಿ ಯಾರೋ, ಕಂಬ ಯಾವ್ದೋ, ಕಾಣ್ಸೋದೇ ಇಲ್ಲ. ಒಂದು ಕೈಯಲ್ಲಿ ಕಿರೀಟ ಎತ್ತಿ ಹಿಡಿದೇ ಊಟ, ಹಿಡಿದೇ ಕುದುರೆ ಸವಾರಿ. ಕೊನೆಗೆ ಒಂದಿನ ಬೆಳೆದ ನೋಡು, ತಲೆಗೆ ಟಕ್ ಅಂತ ಕೂತ್ಕೊಳ್ತು. ಜನವೆಲ್ಲ ಆಹಾ ಅಂದ್ರು."

ಕಡ್ಡಿ ಆಲೂಗಡ್ಡೆ ಜಗಿಯುವುದನ್ನು ನಿಲ್ಲಿಸಿ ಕೇಳಿದಳು, "ಅಲ್ಲೀವರೆಗೂ ರಾಜ್ಯ ಯಾರು ನೋಡ್ಕೊಂಡ್ರು ಅಜ್ಜಿ?"

"ಅಯ್ಯೋ, ಕಥೆಗೆ ಕಾಲು ಉಂಟಾ? ತಿನ್ನು ತಿನ್ನು."

ಎಲ್ಲರೂ ನಕ್ಕರು. ಟೈಲರಮ್ಮನೂ ನಕ್ಕಳು.

ಮೊದಲ ವಾರ ಕಡ್ಡಿ ಎರಡು ಸಲ ಬಿದ್ದಳು. ಹೊಸ ಬೂಟು, ಕಾಲಿಗೆ ಒಗ್ಗಬೇಕು ಅಂದರು. ಎರಡನೇ ವಾರ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಇನ್ನೊಂದು ವಿಚಿತ್ರ ಅಂದರೆ ಹುಡುಗಿ ತಿನ್ನಲು ಶುರುಮಾಡಿದಳು. ಬೆಳಿಗ್ಗೆ ಎರಡು ಮೊಟ್ಟೆ, ರಾತ್ರಿ ತಟ್ಟೆಯಲ್ಲಿ ಆಲೂಗಡ್ಡೆಯ ಗುಡ್ಡ, ಮಲಗುವಾಗ ತಾನಾಗಿ ಕೇಳಿ ಒಂದು ಲೋಟ ಹಾಲು. ಬ್ರೆಡ್ಡಿನ ಅಂಚನ್ನು ಕಿತ್ತಿಡುತ್ತಿದ್ದವಳು ಈಗ ಅಪ್ಪ ಬಿಟ್ಟ ಅಂಚನ್ನೂ ತಿನ್ನುವಳು. ಅಜ್ಜಿಗೆ ಹಿಗ್ಗೋ ಹಿಗ್ಗು. "ನೋಡಿದ್ಯಾ, ಬೂಟು ಬಂದದ್ದೇ ಬಂದದ್ದು, ಮೈಗೆ ಹತ್ತೋ ಕಾಲ ಬಂತು!"

ಮಗಳ ಸಾಕ್ಸು ಒಗೆಯುವಾಗ ಒಂದು ದಿನಕ್ಕೆ ಮೂರು ಜೊತೆ ಕಂಡು ಟೈಲರಮ್ಮ ಕೇಳಿದಳು, "ಏನೇ ಇದು, ಕಾಲಿಗೆ ಮೂರು ಮೂರು?"

"ಚಳಿ ಅಮ್ಮ."

ಐಸಿನ ಮೇಲೆ ಚಳಿಯಿರದೆ ಬಿಸಿಲಿರುತ್ತದೆಯೇ ಅಂದುಕೊಂಡು ಹಿಂಡಿ ಒಣಹಾಕಿದಳು. ಅವಳಿಗೂ ಕೈತುಂಬಾ ಕೆಲಸ. ಆ ದಿನಗಳಲ್ಲಿ ಮನೆಗೆ ದಿನ ಬಿಟ್ಟು ದಿನ ಬರುತ್ತಿದ್ದವಳು ಕೋಟಿನಮ್ಮ. ದ್ರಾಕ್ಷಿ ಬಣ್ಣದ ಮಖಮಲ್ಲಿನ ಕೋಟು ಹೊಲಿಯಲು ಕೊಟ್ಟು, ಪ್ರತಿ ಸಲವೂ ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿ ಹೊಸದೊಂದು ತಕರಾರು ತೆಗೆಯುವಳು. "ಏನ್ರೀ ಟೈಲರಮ್ಮ, ಇಲ್ಲಿ ಒಂಚೂರು ಹಿಡಿಯುತ್ತೆ ಕಣ್ರೀ. ಇಲ್ಲಲ್ಲ, ಇಲ್ಲಿ. ನಾನು ಉಸಿರು ಬಿಡೋದು ಬೇಡ್ವಾ?" ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಸಿಟ್ಟೂ ನುಂಗಿಕೊಂಡು ಬಿಚ್ಚಿ ಹೊಲಿಯುವಳು. ಕೋಟಿನಮ್ಮ ಹೋದ ಮೇಲೆ ಕಡ್ಡಿ ಟವೆಲು ಹೊದ್ದು ಅದೇ ಕನ್ನಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ಅವಳ ಹಾಗೇ ಆಡಿ ತೋರಿಸುವಳು, ಅಜ್ಜಿ ಕಣ್ಣಲ್ಲಿ ನೀರು ಬರುವಂತೆ ನಗುವರು.

ಮೂರನೇ ವಾರ ಅಪ್ಪ ಸೂಪಿನ ಬಟ್ಟಲು ಮುಂದಿಟ್ಟುಕೊಂಡು ಹೇಳಿದ, "ಇವಳ ಗೆರೆ ನಡುಗ್ತಾ ಇದೆ ಕಣೇ."

"ಯಾವ ಗೆರೆ?"

"ಐಸಿನ ಮೇಲಿನ ಗೆರೆ. ದಿನಾ ಅಳಿಸೋನಲ್ವಾ ನಾನು? ಮೊದಲು ಇವಳು ಹೋದ ಕಡೆ ದಾರ ಎಳೆದ ಹಾಗಿರ್ತಿತ್ತು. ಈಗ ನೋಡಿದ್ರೆ ಕೋಳಿ ಕೆದಕಿದ ಹಾಗಿದೆ."

"ಹಳೇ ಹರಕು ಬೂಟಲ್ಲಿ ಹಾರ್ತಿದ್ದೋಳು ಹೊಸದರಲ್ಲಿ ಯಾಕೆ ಕೆದಕ್ತಾಳೆ?" ಟೈಲರಮ್ಮ ಮಗಳ ಕಡೆ ತಿರುಗಿದಳು. "ಮೈಗಳ್ಳತನ ಕಲಿತ್ಯೇನೇ?"

"ಇಲ್ಲಮ್ಮ."

"ಬೂಟು ಹೇಗಿದೆ?"

"ಸರಿ ಇದೆ."

"ಮತ್ತೆ?"

ಕಡ್ಡಿ ಇನ್ನೊಂದು ಆಲೂಗಡ್ಡೆ ಹಾಕಿಸಿಕೊಂಡಳು.

ತಿಂಗಳ ಕೊನೆಯ ಶನಿವಾರ ಕೋಚ್ ಮೇಡಂ ದೊಡ್ಡವರ ಗುಂಪನ್ನು ಆರಿಸಿದರು. ಕಡ್ಡಿ ಮೂರು ಸಲ ಹಾರಿ ಮೂರು ಸಲವೂ ಐಸಿನ ಮೇಲೆ ಬಿದ್ದು ಕೂತಳು. ಮೇಡಂ ಬಯ್ಯಲಿಲ್ಲ, "ಇನ್ನೊಂದಷ್ಟು ದಿನ ಚಿಕ್ಕವರ ಜೊತೆ ಇರು" ಅಂದರು. ಚಿಕ್ಕವರು ಅಂದರೆ ಆರೇಳು ವರ್ಷದವರು, ಮೂಗು ಸೋರಿಸಿಕೊಂಡು ಗೋಡೆ ಹಿಡಿದು ಜಾರುವವರು. ಅಪ್ಪ ಗಾಡಿಯ ಮೇಲಿಂದ ಎಲ್ಲವನ್ನೂ ನೋಡಿದ.

ಮಾರನೇ ದಿನ ಬೆಳಗಿನ ತಿಂಡಿಗೆ ಕೂತಾಗ ಕಡ್ಡಿ ಹೇಳಿದಳು, "ನಂಗೆ ಸ್ಕೇಟಿಂಗ್ ಬೇಡಮ್ಮ. ಬೂಟು ಮಾರಿಬಿಡು."

ಟೈಲರಮ್ಮನ ಕೈಯಲ್ಲಿದ್ದ ಟೀ ಕೆಟಲು ಮೇಜಿನ ಮೇಲೆ ಜೋರಾಗಿ ಕೂತಿತು.

"ಬೇಡ್ವಾ? ಎಷ್ಟು ಸಲೀಸು ನೋಡು ಬಾಯಲ್ಲಿ! ಇಡೀ ಚಳಿಗಾಲ ತುಳಿದಿದ್ದೀನಿ, ಆ ಕೋಟಿನಮ್ಮನ ಹತ್ರ ಮಾತು ಕೇಳಿದ್ದೀನಿ. ಒಂದು ಸಲ ಬಿದ್ದಿದ್ದಕ್ಕೆ ಬೇಡ ಅಂತಾಳೆ!"

"ಸ್ವಲ್ಪ ಸುಮ್ನಿರೇ" ಅಂದ ಗಂಡ.

"ನೀವು ಸುಮ್ನಿದ್ದು ಸುಮ್ನಿದ್ದೇ ಹೀಗಾಗಿರೋದು. ಗೆರೆ ನಡುಗುತ್ತಂತೆ, ಗೆರೆ! ಯಾಕೆ ನಡುಗುತ್ತೆ ಅಂತ ಮಗಳನ್ನ ಕೇಳಿದ್ರಾ?"

"ನೀನು ಕೇಳಿದ್ಯಲ್ಲ, ಏನಂದ್ಲು?"

"ಮಗೂ ಮುಂದೆ ಹೀಗೆಲ್ಲ ಮಾತಾಡ್ಬೇಡಿ" ಅಂತ ಅಜ್ಜಿ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಬೀಳುವಷ್ಟರಲ್ಲಿ ಕಡ್ಡಿ ಎರಡನೇ ಮೊಟ್ಟೆಯನ್ನು ಅರ್ಧಕ್ಕೇ ಬಿಟ್ಟು ಹಿತ್ತಿಲ ಮೆಟ್ಟಿಲಿಗೆ ಹೋಗಿ ಕೂತಿದ್ದಳು.

ಮಾರುವುದಾದರೆ ಮಾರೇಬಿಡೋಣ ಅನ್ನುವ ರೋಷದಲ್ಲಿ ಟೈಲರಮ್ಮ ಬೂಟನ್ನು ಕಿಟಕಿಯ ಬೆಳಕಿಗೆ ತಂದು ಒರೆಸಲು ಕೂತಳು. ಒಂದನ್ನು ತಲೆಕೆಳಗು ಮಾಡಿ ಕುಟ್ಟಿದಳು. ಒಳಗಿಂದ ಏನೋ ಮೆತ್ತಗಿನದು ಮಡಿಲಿಗೆ ಬಿತ್ತು. ದ್ರಾಕ್ಷಿ ಬಣ್ಣದ ಮಖಮಲ್ಲು.

ತಾನೇ ಕತ್ತರಿಸಿದ ಬಟ್ಟೆ, ಗುರುತು ಸಿಗದಿರುತ್ತದೆಯೇ? ಕೋಟಿನಮ್ಮನ ತೋಳಿನ ಚೂರುಗಳು, ಚಿಂದಿ ಬುಟ್ಟಿಯಿಂದ ಆರಿಸಿ ತೆಗೆದವು. ಒಂದರ ಮೇಲೊಂದು ಮಡಚಿ ಬೂಟಿನ ತುದಿಗೆ ತುರುಕಿ, ಬೆವರಿಗೆ ನೆಂದು, ಒಣಗಿ, ಮತ್ತೆ ನೆಂದು ಗಟ್ಟಿ ಗಡ್ಡೆಯಾಗಿದ್ದವು. ಅದರ ಮೇಲೆ ಐದು ಬೆರಳುಗಳ ಅಚ್ಚು ಬಿದ್ದಿತ್ತು. ಹೆಬ್ಬೆರಳಿನದು ಆಳಕ್ಕೆ, ಕಿರುಬೆರಳಿನದು ಸುಮ್ಮನೆ ಮುಟ್ಟಿದಷ್ಟು. ಟೈಲರಮ್ಮ ಆ ಗಡ್ಡೆಯ ಪಕ್ಕದಲ್ಲಿ ತನ್ನ ಬೆರಳನ್ನು ಅಡ್ಡ ಇಟ್ಟು ನೋಡಿದಳು. ಸರಿಯಾಗಿ ಒಂದು ಬೆರಳು.

ಹಿತ್ತಿಲಿಗೆ ಹೋಗಿ ಮಗಳ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಮಗಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಸಾಕ್ಸು ಬಿಚ್ಚಿದಳು. ಹಿಮ್ಮಡಿಯ ಮೇಲೆ ಬೊಕ್ಕೆ ಎದ್ದು ಒಡೆದು, ಒಡೆದ ಮೇಲೆ ಮತ್ತೆ ಎದ್ದಿತ್ತು.

"ಯಾಕೆ ಹೇಳ್ಲಿಲ್ಲ?"

ಕಡ್ಡಿ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು.

"ದೊಡ್ಡದು ಅನ್ನೋಕೆ ಏನಾಗಿತ್ತೇ ನಿಂಗೆ?"

"ನಮ್ಮನೇಲಿ ಎಲ್ಲ ದೊಡ್ಡದೇ ಅಲ್ವಾ ಅಮ್ಮ. ನಾನೇ ಬೆಳೀಬೇಕಿತ್ತು." ಹುಡುಗಿ ಉದ್ದ ತೋಳಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. "ತಿಂಗಳ ಕೊನೆಯೊಳಗೆ ಬೆಳೀತೀನೇನೋ ಅಂತ ತಿಂದೆ ತಿಂದೆ, ಹೊಟ್ಟೆ ಬೆಳೀತೇ ಹೊರತು ಕಾಲು ಬೆಳೀಲೇ ಇಲ್ಲ."

ಟೈಲರಮ್ಮನಿಗೆ ನಗುವೂ ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಸೇರಿಸಿ ಮಗಳ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಲ್ಲೀವರೆಗೂ ರಾಜ್ಯ ಯಾರು ನೋಡ್ಕೊಂಡ್ರು ಅಜ್ಜಿ, ಅಂತ ಹುಡುಗಿ ಮೊದಲ ದಿನವೇ ಕೇಳಿದ್ದಳಲ್ಲ!

ಆದರೆ ಹೊಲಿಯುವವಳ ಬುದ್ಧಿ ಎಲ್ಲಿಗೆ ಹೋಗುತ್ತದೆ? ದೊಡ್ಡದಾದರೆ ಒಳಗೆ ಹಿಡಿದು ಚಿಕ್ಕದು ಮಾಡಿದರಾಯಿತು ಅಂದುಕೊಂಡಳು. ಆ ಮಧ್ಯಾಹ್ನ ಮಿಷನ್ನಿನ ಮುಂದೆ ಕೂತು ಹತ್ತಿ ತುಂಬಿ, ಅಡ್ಡಡ್ಡ ಹೊಲಿಗೆ ಹಾಕಿ, ಬೂಟಿನೊಳಗೆ ಕೂರುವಂಥ ಮೆತ್ತನೆಯ ಅಸ್ತರು ಹೊಲಿದಳು. ಎಂಥ ಕೆಲಸ ಅಂತೀರಿ! ಕೋಟಿನಮ್ಮನೂ ತಕರಾರು ತೆಗೆಯುವಂತಿರಲಿಲ್ಲ. ಚಾಪೆಯ ಮೇಲೆ ಕಡ್ಡಿ ನಡೆದು ತೋರಿಸಿದಾಗ ಎಲ್ಲ ಸರಿ. ಸೋಮವಾರ ಐಸಿನ ಮೇಲೆ ಎರಡು ಸುತ್ತು ಹಾಕುವಷ್ಟರಲ್ಲಿ ಅಸ್ತರು ಒಂದು ಕಡೆ ಮುದ್ದೆಯಾಯಿತು, ಹಿಮ್ಮಡಿ ಮೊದಲಿನಂತೆಯೇ ಮೇಲೆದ್ದಿತು, ಕಾಲು ಒಂದು ಕಡೆ ಬಾಗಿದರೆ ಬ್ಲೇಡು ಇನ್ನೊಂದು ಕಡೆ ಹೋಯಿತು. ಬೂಟನ್ನು ಹಿಡಿಯಲಾಗುವುದಿಲ್ಲ ಅನ್ನುವುದು ಆಗ ಅವಳಿಗೆ ತಿಳಿಯಿತು. ಬಿಗಿಯಾದ ಚರ್ಮವನ್ನು ಬೇಕಾದ ಕಡೆ ಒಂದಿಷ್ಟು ಹಿಗ್ಗಿಸಬಹುದು, ಸಡಿಲವಾದದ್ದನ್ನು ಕುಗ್ಗಿಸಲು ಬರುವುದಿಲ್ಲ. ಬಟ್ಟೆಯ ಶಾಸ್ತ್ರಕ್ಕೆ ತದ್ವಿರುದ್ಧ.

"ತಪ್ಪು ನಂದಮ್ಮ" ಅಂದರು ಅತ್ತೆ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ. "ನನ್ನ ಕಾಲು ತೋರಿಸಿ ನಿನ್ನ ಹೆದರಿಸಿಬಿಟ್ಟೆ."

"ನೀವು ಕಾಲಿಗೆ ಹೇಳಿದ್ರಿ ಅತ್ತೆ. ಟೋಪಿಗೆ ನಾನೇ ಸೇರಿಸಿಕೊಂಡದ್ದು."

ಇಬ್ಬರೂ ಮೂಗೊರೆಸಿಕೊಂಡರು. ಈರುಳ್ಳಿ ಹೆಚ್ಚುವಾಗ ಆ ಒಂದು ಅನುಕೂಲ ಇದ್ದೇ ಇದೆ.

ಇನ್ನೂ ಹೊಸದರಂತೆಯೇ ಇದ್ದ ಬೂಟನ್ನು ದೊಡ್ಡವರ ಗುಂಪಿನ ಹುಡುಗಿಯೊಬ್ಬಳ ಮನೆಯವರು ಕೊಂಡರು. ಅವಳ ಕಾಲಿಗೆ ಅದು ಅಚ್ಚುಹೊಯ್ದ ಹಾಗೆ ಕೂತಿತಂತೆ. ಕಡ್ಡಿ ಕೇಳಿ ಸುಮ್ಮನೆ ತಲೆಯಾಡಿಸಿದಳು. ಹೊಸ ಜೊತೆಗೆ ಸಾಲದೇ ಬಿದ್ದ ದುಡ್ಡಿಗೆ ಅಪ್ಪ ಎರಡು ರಾತ್ರಿಪಾಳಿ ಹೆಚ್ಚು ಮಾಡಿದ. ಟೈಲರಮ್ಮ ಮತ್ತೆ ಅದೇ ಅಂಗಡಿಯ ಬಾಗಿಲಿಗೆ ಹೋಗಿ ನಿಂತಳು.

"ಬಾಮ್ಮ" ಅಂದ ಅಂಗಡಿಯವನು, ಅಷ್ಟೇ. ಮೊದಲ ಸಲ ತಂದಿದ್ದ ಸೈಜನ್ನೇ ತಂದಿಟ್ಟು, ಅದನ್ನು ಬಿಸಿ ಮಾಡಲು ಒಳಗೆ ಹೋದ. ಬಿಸಿಯಾದ ಬೂಟು ಕಾಲಿನ ಆಕಾರಕ್ಕೆ ಒಗ್ಗುತ್ತದಂತೆ.

ಈ ಸಲ ತೊಡಿಸಲು ಟೈಲರಮ್ಮ ತಾನೇ ನೆಲದ ಮೇಲೆ ಕೂತಳು. ತೆಳು ಸಾಕ್ಸು, ಒಂದೇ ಜೊತೆ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಅಂಗಡಿಯವನು ಹೇಳಿದಂತೆ ಬೆರಳಿನ ಹತ್ತಿರ ದಾರವನ್ನು ಸಡಿಲ ಬಿಟ್ಟು, ಪಾದ ಮೇಲಕ್ಕೆ ತಿರುಗುವ ಕಡೆ ಬಿಗಿದು ಎಳೆದಳು. ಕಡ್ಡಿ ಎದ್ದು ನಿಂತಳು.

"ಹೇಗಿದೆಯೇ?"

"ಸರಿ ಇದೆ ಅಮ್ಮ."

ಕೇಳಿದವಳ ಕೈ ದಾರದ ಮೇಲೇ ನಿಂತಿತು. ಈ ಮಾತನ್ನು ಅವಳು ಇಷ್ಟು ವರ್ಷ ಕೇಳಿದ್ದಳು, ಒಂದು ಸಲವೂ ಎತ್ತಿ ನೋಡಿರಲಿಲ್ಲ.

"ಮಗಳ ಹಾಗೆ ಹೇಳ್ಬೇಡ" ಅಂದಳು. "ಗಿರಾಕಿ ಹಾಗೆ ಹೇಳು."

ಕಡ್ಡಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅಂಗಡಿಯವನ ಕಡೆ ಓರೆಗಣ್ಣಲ್ಲಿ ನೋಡಿದಳು, ಕನ್ನಡಿಯ ಕಡೆ ನೋಡಿದಳು. ಮೆಲ್ಲಗೆ ಒಂದು ಕೈ ಸೊಂಟಕ್ಕೆ ಹೋಯಿತು, ಗಲ್ಲ ಮೇಲಕ್ಕೆದ್ದಿತು.

"ಏನ್ರೀ ಟೈಲರಮ್ಮ" ಅಂದಳು, ದನಿ ಮೊದಲು ಸಣ್ಣಗಿತ್ತು. "ಇಲ್ಲಿ ಒಂಚೂರು ಹಿಡಿಯುತ್ತೆ ಕಣ್ರೀ."

"ಎಲ್ಲಮ್ಮಾ?"

"ಇಲ್ಲಿ, ಗಿಣ್ಣಿನ ಮೂಳೆ ಹತ್ರ. ಇಲ್ಲಲ್ಲ, ಒಳಗಡೆ! ನನ್ನ ಮೂಳೆ ಉಸಿರು ಬಿಡೋದು ಬೇಡ್ವಾ?"

"ಬಿಡ್ಲಿ ತಾಯೀ, ಬಿಡ್ಲಿ. ಬೆರಳು?"

"ಸೋಕುತ್ತೆ." ಮಂಡಿ ಬಗ್ಗಿಸಿದಳು. "ಈಗ ಬಿಡ್ತು."

"ಹಿಮ್ಮಡಿ?"

ಕಡ್ಡಿ ತುದಿಗಾಲಲ್ಲಿ ಎದ್ದಳು, ಇಳಿದಳು. ಅಮ್ಮನ ಬೆರಳು ಬೂಟಿನ ಹಿಂಭಾಗವನ್ನು ಒತ್ತಿ ಹಿಡಿದಿತ್ತು. ಒಳಗೆ ಏನೂ ಅಲುಗಲಿಲ್ಲ. ಆಟ ಮರೆತು, ಕಣ್ಣರಳಿಸಿ, ಹುಡುಗಿ ತನ್ನದೇ ದನಿಯಲ್ಲಿ ಹೇಳಿದಳು, "ಅಮ್ಮಾ, ಇದು ನನ್ನ ಕಾಲೇ ಅನ್ನಿಸುತ್ತೆ."

ಅಂಗಡಿಯವನು ಗಿಣ್ಣಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಇಕ್ಕಳದಂಥ ಸಾಮಾನೊಂದರಿಂದ ಅಲ್ಲಿನ ಚರ್ಮವನ್ನು ಒಳಗಿನಿಂದ ಉಬ್ಬಿಸಿಕೊಟ್ಟ. ಸೀಮೆಸುಣ್ಣದ ಗುರುತು ಚೂರು ಓರೆಯಾಗಿದೆ ಅಂತ ಟೈಲರಮ್ಮ ತಕರಾರು ತೆಗೆದು ಇನ್ನೊಂದು ಸಲ ಹಾಕಿಸಿದಳು.

ಮತ್ತೆ ವಾರಗಳು ಕಳೆದವು. ಕಡ್ಡಿ ಈಗಲೂ ಚಿಕ್ಕವರ ಗುಂಪಿನಲ್ಲೇ ಇದ್ದಳು, ಮೂಗು ಸೋರುವವರಿಗೆ ಕೈಹಿಡಿದು ಸುತ್ತು ಹಾಕಿಸುತ್ತಿದ್ದಳು. ಮತ್ತೆ ಆರಿಸುವುದು ಬೇಸಿಗೆ ಕಳೆದ ಮೇಲೆ. ಮನೆಯಲ್ಲಿ ಆಲೂಗಡ್ಡೆಯ ಖರ್ಚು ಇಳಿಯಿತು. ಸೂಪು ಸಪ್ಪೆ ಅನ್ನುವುದನ್ನು ಹುಡುಗಿ ಕಲಿತಳು, ಅಜ್ಜಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಒಂದು ಬೆಳಿಗ್ಗೆ ಟೈಲರಮ್ಮ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಾಗ ಗಂಡನ ಫೋನು ಬಂತು.

"ಈಗಲೇ ಬಾ ಇಲ್ಲಿಗೆ."

"ಏನಾಯ್ತು? ಬಿದ್ಲಾ?"

"ಬಾ ಅಂದ್ರೆ ಬಾ ಕಣೇ. ಗಾಡಿ ನಿಲ್ಲಿಸ್ಕೊಂಡು ಕೂತಿದ್ದೀನಿ, ಮ್ಯಾನೇಜರು ಕೂಗಾಡ್ತಿದ್ದಾರೆ."

ಎಣ್ಣೆ ಕೈಯಲ್ಲೇ ಓಡಿದಳು. ರಿಂಕಿನಲ್ಲಿ ಮಕ್ಕಳೆಲ್ಲ ಹೊರಗೆ ಬೆಂಚಿನ ಮೇಲೆ ಕೂತು ಲೇಸು ಬಿಚ್ಚುತ್ತಿದ್ದರು. ಅವರ ನಡುವೆ ಕಡ್ಡಿಯ ಮುಖ ಸಂಜೆಯ ಕೆಂಪಿನಂತಿತ್ತು. ಐಸು ಪೂರ್ತಿ ಒದ್ದೆಯಾಗಿ ಹೊಳೆಯುತ್ತಿತ್ತು. ನಡುವೆ ಮಾತ್ರ ಒಂದು ಕೋಣೆಯಗಲದ ಜಾಗವನ್ನು ಅಪ್ಪ ಗಾಡಿ ಹರಿಸದೆ ಬಿಟ್ಟಿದ್ದ. ಹೆಂಡತಿಯ ಕೈಹಿಡಿದು, ಜಾರದಂತೆ ಅಲ್ಲಿಗೆ ನಡೆಸಿಕೊಂಡು ಹೋದ.

"ಇಲ್ಲಿ ಹಾರಿದ್ದಾಳೆ" ಅಂದ. ಅಲ್ಲೊಂದು ಚುಚ್ಚಿದ ಗುರುತು. ಆಮೇಲೆ ಒಂದು ಮಾರು ದೂರ ಏನೂ ಇಲ್ಲ, ಬರೀ ನಯ. ಆಮೇಲೆ ಗೆರೆ. ಒಂದೇ ಗೆರೆ, ನಡುಗದೆ, ತೊಡರದೆ, ಕತ್ತರಿ ಹಾಕುವ ಮುಂಚೆ ಬಟ್ಟೆಯ ಮೇಲೆ ತಾನು ಎಳೆಯುವ ಕಂಕುಳ ಬಾಗಿನಂತೆ ಮೆಲ್ಲಗೆ ಬಾಗಿ ಹೋಗಿತ್ತು. ಗೆರೆ ಮುಗಿಯುವ ಕಡೆ ಮಾತ್ರ ಅಗಲಕ್ಕೆ ಉಜ್ಜಿದ ಗುರುತು.

"ಇದೇನಿದು?"

"ಇಳಿದಳು. ಇಳಿದೆ ಅಂತ ಗೊತ್ತಾಗಿ, ಖುಷಿಗೆ ದಬ್ ಅಂತ ಕೂತಳು."

ಟೈಲರಮ್ಮ ಬಗ್ಗಿ, ಎಣ್ಣೆ ಒರೆಸಿಕೊಂಡು, ಆ ಗೆರೆಯ ಮೇಲೆ ಬೆರಳಿಟ್ಟಳು. ಉಗುರಿನ ತುದಿಯಷ್ಟೇ ಅಗಲ. ಐಸು ಕೊರೆಯುತ್ತಿತ್ತು, ಬೆರಳು ತೆಗೆಯಲು ಮನಸ್ಸಾಗಲಿಲ್ಲ.

"ಏಳೇ" ಅಂದ ಗಂಡ, ಗಾಡಿಯ ಕಡೆ ಹೋಗುತ್ತಾ. "ಅಳಿಸ್ಬೇಕು, ಮುಂದಿನ ಗುಂಪು ಕಾಯ್ತಿದೆ."

"ಒಂಚೂರು ಇರ್ರೀ" ಅಂದಳು ಅವಳು. "ಇನ್ನೂ ನೋಡಿ ಮುಗಿದಿಲ್ಲ."